ತೋಟಕ್ಕೆ ಒಬ್ಬರೇ ಹೋಗುವ ಪುಣೆ ಕನ್ನಡಿಗರಿಗೆ

ಮಳೆ ಹಿಂದೆ ಸರಿಯುತ್ತಿದೆ, ಹುಲ್ಲು ಸೊಂಟದುದ್ದ ಬಂದಿದೆ. ಪಿರಂಗುಟ್ ದಾಟಿ ಪೌಡ್ ಕಡೆಗೆ, ಆಚೆ ಭೋರ್, ಸಾಸವಡ ಕಡೆಗೆ ಶನಿವಾರ ಬೆಳಗ್ಗೆ ಹೊರಡುವ ಕಾರುಗಳ ಡಿಕ್ಕಿಯಲ್ಲಿ ಹುಲ್ಲು ಕತ್ತರಿಸುವ ಯಂತ್ರ, ಬ್ರಷ್ ಕಟರ್ ಇರುವ ಕಾಲ ಇದು. ಆಳು ಸಿಗುವುದಿಲ್ಲ, ಮನೆಯವರಿಗೆ ಪ್ರತಿ ವಾರ ಬರಲು ಆಗುವುದಿಲ್ಲ, ಹಾಗಾಗಿ ಒಬ್ಬರೇ ಹೋಗಿ ಒಬ್ಬರೇ ಕೆಲಸ ಮಾಡಿ ಬರುವ ನಮ್ಮವರು ಪುಣೆಯಲ್ಲಿ ಬಹಳ ಜನ ಇದ್ದಾರೆ. ಇದು ಅವರಿಗಾಗಿ ಬರೆದದ್ದು. ಗೋವಾದಲ್ಲಿ ಸತ್ತರಿ, ಸಾಂಗೆಯ ಗೇರು, ಅಡಿಕೆ ತೋಟಗಳಲ್ಲಿ ಕೆಲಸ ಮಾಡುವ ನಮ್ಮವರಿಗೂ ಬಹುಪಾಲು ಇದೇ ಅನ್ವಯಿಸುತ್ತದೆ.

ಒಬ್ಬರಿದ್ದರೂ ಇಬ್ಬರಿದ್ದರೂ ಯಂತ್ರ ಕತ್ತರಿಸುವುದು ಒಂದೇ ಥರ. ಬದಲಾಗುವುದು ಏಟು ಬಿದ್ದ ಮೇಲಿನ ಲೆಕ್ಕ. ತೊಡೆಯ ದೊಡ್ಡ ರಕ್ತನಾಳ ಕತ್ತರಿಸಿದರೆ ಕೆಲವೇ ನಿಮಿಷಗಳಲ್ಲಿ ಜೀವ ಹೋಗಬಹುದು. ಕಾಲು ಮುರಿದುಕೊಂಡು ಬದುವಿನ ಕೆಳಗೆ ಬಿದ್ದವರನ್ನು ಹುಡುಕಲು ಮನೆಯವರು ಸಂಜೆ ಏಳಕ್ಕೆ ಶುರು ಮಾಡಿದರೆ, ಬೆಳಗ್ಗೆ ಹನ್ನೊಂದರಿಂದ ಏಳರವರೆಗಿನ ಎಂಟು ಗಂಟೆ ಆ ಮನುಷ್ಯ ಬಿಸಿಲಿನಲ್ಲಿ ಬಿದ್ದಿರುತ್ತಾನೆ. ಜನ ಹೆಲ್ಮೆಟ್, ಗ್ಲೌಸ್ ಕೊಳ್ಳುತ್ತಾರೆ, ಕೊಳ್ಳಲೇಬೇಕು. ಆದರೆ ನನ್ನ ಖಚಿತ ಅಭಿಪ್ರಾಯ ಇಷ್ಟು: ಯಂತ್ರದ ಹಗ್ಗ ಎಳೆಯುವ ಮೊದಲು, ಏನಾದರೂ ಆದರೆ ಯಾರಿಗೆ ಗೊತ್ತಾಗುತ್ತದೆ, ಎಷ್ಟು ಹೊತ್ತಿಗೆ ಗೊತ್ತಾಗುತ್ತದೆ, ಅವರು ಎಲ್ಲಿಗೆ ಬರಬೇಕು ಎಂಬ ಮೂರು ಪ್ರಶ್ನೆಗೆ ಉತ್ತರ ಸಿದ್ಧ ಇರಬೇಕು. ಇಲ್ಲದಿದ್ದರೆ ಆ ದಿನ ಗಿಡಕ್ಕೆ ನೀರು ಹಾಕಿ ವಾಪಸ್ ಬನ್ನಿ.

ಮನೆಯಲ್ಲಿ ಒಬ್ಬರನ್ನು ಗೊತ್ತು ಮಾಡಿ. "ಹೋಗಿ ಬರ್ತೀನಿ" ಎಂದು ಹೇಳಿದರೆ ಸಾಲದು. ಯಂತ್ರ ಶುರು ಮಾಡುವಾಗ ಒಂದು ಮೆಸೇಜು, ನಿಲ್ಲಿಸಿದಾಗ ಒಂದು ಮೆಸೇಜು. ಶುರು ಮಾಡುವ ಮೆಸೇಜಿನಲ್ಲೇ ಮುಂದಿನ ಹೊತ್ತು ಬರೆಯಿರಿ: "ಹನ್ನೊಂದೂವರೆಗೆ ಮತ್ತೆ ಹೇಳ್ತೀನಿ." ಹನ್ನೊಂದೂವರೆ ಆಯಿತು, ಮೆಸೇಜಿಲ್ಲ, ಮನೆಯವರು ಫೋನ್ ಮಾಡಬೇಕು. ಹದಿನೈದು ನಿಮಿಷದಲ್ಲಿ ಎರಡು ಸಲ ಮಾಡಿದರೂ ಎತ್ತಲಿಲ್ಲ ಎಂದರೆ ಪಕ್ಕದ ಹೊಲದವರಿಗೆ ಫೋನ್ ಹೋಗಬೇಕು, ಅವರು ಹೋಗಿ ನೋಡಬೇಕು. ನೆಟ್‌ವರ್ಕ್ ಇರಲಿಕ್ಕಿಲ್ಲ, ಇನ್ನರ್ಧ ಗಂಟೆ ನೋಡೋಣ ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ. ಸುಮ್ಮಸುಮ್ಮನೆ ಎರಡು ಸಲ ಗಾಬರಿಯಾದರೂ ನಷ್ಟವೇನಿಲ್ಲ, ಪಕ್ಕದವರಿಗೆ ಒಂದು ಕಪ್ ಚಹಾ ಕುಡಿಸಿದರಾಯಿತು.

ಪಕ್ಕದ ಹೊಲದವರ ನಂಬರ್ ನಿಮ್ಮ ಫೋನಿನಲ್ಲಿದ್ದರೆ ಪ್ರಯೋಜನವಿಲ್ಲ, ಪುಣೆಯ ಮನೆಯವರ ಫೋನಿನಲ್ಲಿ ಇರಬೇಕು. ವಾಡಿಯ ಕಾಕಾನನ್ನೋ ಮಾವಶಿಯನ್ನೋ ಮಾತಾಡಿಸಿ, ಎರಡೂ ಕಡೆಯವರಿಗೆ ಒಮ್ಮೆ ಫೋನಿನಲ್ಲೇ ಪರಿಚಯ ಮಾಡಿಸಿ. ಪಂಪಿನ ಮೇನ್ ಸ್ವಿಚ್ ಎಲ್ಲಿದೆ, ಬ್ರಷ್ ಕಟರಿನ ಕೆಂಪು ಸ್ಟಾಪ್ ಬಟನ್ ಯಾವುದು ಎಂದು ಅವರಿಗೆ ತೋರಿಸಿ. ಒಬ್ಬರೇ ಇರುವಾಗ ಗೇಟಿಗೆ ಒಳಗಿನಿಂದ ಬೀಗ ಹಾಕಬೇಡಿ. ಕಾರನ್ನು ಮುಖ ಹೊರಗೆ ಮಾಡಿ ನಿಲ್ಲಿಸಿ.

ಇನ್ನು ವಿಳಾಸ. ಸಾತ್‌ಬಾರಾ ಉತಾರೆಯಲ್ಲಿ, ಅಂದರೆ ಇಲ್ಲಿನ ಪಹಣಿಯಲ್ಲಿ ಇರುವ ಗಟ್ ನಂಬರ್ ಊರಿನ ತಲಾಠಿಗೆ (ಗ್ರಾಮ ಲೆಕ್ಕಿಗರಿಗೆ) ಅರ್ಥವಾಗುತ್ತದೆ, ಆಂಬ್ಯುಲೆನ್ಸ್ ಡ್ರೈವರಿಗೆ ಆಗುವುದಿಲ್ಲ. ಅವರಿಗೆ ಬೇಕಾದ್ದು ಡಾಂಬರು ರಸ್ತೆ ಬಿಡುವ ಜಾಗ, ಹತ್ತಿರದ ದೇವಸ್ಥಾನ ಅಥವಾ ಎಸ್‌ಟಿ ಸ್ಟಾಪು, ಅಲ್ಲಿಂದ ಎಷ್ಟನೇ ತಿರುವು ಎನ್ನುವುದು. ಜೊತೆಗೆ ಅಕ್ಷಾಂಶ ರೇಖಾಂಶ. ಜಿಪಿಎಸ್‌ಗೆ ಟವರ್ ಬೇಡ, ಆದರೂ ಮೊದಲೇ ನೋಡಿ ಒಂದು ರಟ್ಟಿನ ಮೇಲೆ ಬರೆದು ಶೆಡ್ಡಿನ ಬಾಗಿಲಿಗೆ ಅಂಟಿಸಿ, ಅದರ ಫೋಟೋ ಮನೆಯವರಿಗೆ ಕಳಿಸಿ. ಆ ರಟ್ಟಿನ ಮೇಲೆ 112 ಮತ್ತು 108, ಕೆಳಗೆ ಕನ್ನಡ ಲಿಪಿಯಲ್ಲೇ ಮರಾಠಿಯ ಎರಡು ವಾಕ್ಯ: "ಅಪಘಾತ ಝಾಲಾ ಆಹೆ. ರಕ್ತ ಥಾಂಬತ್ ನಾಹಿ, ಲವಕರ್ ಯಾ." (ಅಪಘಾತವಾಗಿದೆ. ರಕ್ತ ನಿಲ್ಲುತ್ತಿಲ್ಲ, ಬೇಗ ಬನ್ನಿ.) ನೋವಿನಲ್ಲಿ ಬೇರೆ ಭಾಷೆ ನಾಲಿಗೆಗೆ ಬರುವುದಿಲ್ಲ, ಓದಿ ಹೇಳಲು ಬರುತ್ತದೆ.

ಮುಳಶಿಯ ಒಳಭಾಗದಲ್ಲಿ, ತಾಮ್ಹಿಣಿ ಕಡೆಯಲ್ಲಿ ಸಿಗ್ನಲ್ ಬಂದು ಹೋಗುತ್ತಿರುತ್ತದೆ. ನಿಮ್ಮ ಜಾಗದಲ್ಲಿ ಎಲ್ಲಿ ನಿಂತರೆ ಕಡ್ಡಿ ಬರುತ್ತದೆ ಎಂದು ಹುಡುಕಿ ಅಲ್ಲೊಂದು ಬಣ್ಣ ಹಚ್ಚಿದ ಗೂಟ ನೆಡಿ. 112ಕ್ಕೆ ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ ಕರೆ ಹೋಗಬಹುದು, ಹಾಗಾಗಿ ಪ್ರಯತ್ನ ಬಿಡಬೇಡಿ. ಫೋನ್ ಮೈಮೇಲೆ, ಗುಂಡಿ ಇರುವ ಎದೆಯ ಜೇಬಿನಲ್ಲಿ ಇರಲಿ. ಮಾವಿನ ಮರದ ಕೆಳಗಿನ ಚೀಲದಲ್ಲಿರುವ ಫೋನು ಬಿದ್ದವರಿಗೆ ಸಿಗುವುದಿಲ್ಲ. ಪವರ್ ಬಟನ್ ಸತತವಾಗಿ ಒತ್ತಿದರೆ ತುರ್ತು ಕರೆ ಹೋಗುವ ವ್ಯವಸ್ಥೆ ಈಗಿನ ಬಹುತೇಕ ಫೋನುಗಳಲ್ಲಿದೆ, ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿಡಿ. ಕೊರಳಲ್ಲಿ ಒಂದು ಸೀಟಿ, ದಾರ ಎಳೆದರೆ ಬಿಚ್ಚಿಕೊಳ್ಳುವಂಥದ್ದು. ಕೂಗಿ ಕೂಗಿ ಗಂಟಲು ಕಟ್ಟುತ್ತದೆ, ಸೀಟಿಯ ಸದ್ದು ಕಣಿವೆ ದಾಟುತ್ತದೆ.

ಈಗ ಬ್ರಷ್ ಕಟರ್. ಒಬ್ಬರೇ ಮಾಡಬಹುದಾದ ಕೆಲಸವೇ ಇದು, ಆದರೆ ನಿಯಮ ಬೇಕು. ಶುರು ಮಾಡುವ ಮೊದಲು ಕೋಲು ಹಿಡಿದು ಆ ಜಾಗವನ್ನೆಲ್ಲ ಒಮ್ಮೆ ನಡೆಯಿರಿ. ಮಳೆಗಾಲದ ಹುಲ್ಲಿನೊಳಗೆ ಕಲ್ಲು, ಹಳೇ ಬೇಲಿ ತಂತಿ, ಡ್ರಿಪ್ ಪೈಪು, ಬಾಟಲಿ ಚೂರು ಎಲ್ಲವೂ ಮುಚ್ಚಿಹೋಗಿರುತ್ತವೆ. ತಂತಿ ತುಂಡು ಅತ್ಯಂತ ಕೆಟ್ಟದ್ದು, ತಿರುಗುವ ತಲೆಗೆ ಸಿಕ್ಕಿ ತುಂಡಾಗಿ ಗುಂಡಿನ ಹಾಗೆ ಹಾರುತ್ತದೆ. 15 ಮೀಟರ್ ಒಳಗೆ ಯಾರೂ ಇರಬಾರದು ಎನ್ನುವುದು ಇದಕ್ಕೇ, ನಾಯಿಯೂ ಸೇರಿ. ಮುಖಕ್ಕೆ ಜಾಲರಿ ಇದ್ದರೂ ಅದರ ಒಳಗೆ ಕನ್ನಡಕ ಬೇಕು, ಜಾಲರಿಯ ಕಿಂಡಿಯಲ್ಲಿ ಸಣ್ಣ ಚೂರು ತೂರಿ ಬರುತ್ತದೆ. ಕಾಲಿಗೆ ಗಂಬೂಟು, ಮೊಣಕಾಲಿನ ಕೆಳಗೆ ಗಾರ್ಡು.

ಕಲ್ಲಿರುವ ಕಡೆ, ಗೋಡೆ ಬೇಲಿಯ ಬುಡದಲ್ಲಿ ನೈಲಾನ್ ದಾರದ ತಲೆ. ದಪ್ಪ ಹುಲ್ಲಿಗೆ ಮೂರು ಹಲ್ಲಿನ ಬ್ಲೇಡು. ಅಂಚಿನಲ್ಲಿ ಗಟ್ಟಿ ತುದಿ ಕೂರಿಸಿದ ಗರಗಸದಂಥ ದುಂಡು ಬ್ಲೇಡನ್ನು ಕಲ್ಲಿನ ನೆಲದಲ್ಲಿ ಹಾಕಲೇಬೇಡಿ, ಕಲ್ಲಿಗೆ ತಗುಲಿದರೆ ಆ ತುದಿಗಳೇ ಕಿತ್ತು ಹಾರುತ್ತವೆ. ಬ್ಲೇಡಿನ ನಟ್ಟು ಬಹುತೇಕ ಯಂತ್ರಗಳಲ್ಲಿ ಎಡಗಡೆ ಥ್ರೆಡ್ಡಿನದು, ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಗೊತ್ತಿಲ್ಲದೆ ಉಲ್ಟಾ ಬಲವಾಗಿ ತಿರುಗಿಸಿದಾಗಲೇ ಪಾನಾ ಜಾರಿ ಬೆರಳು ಬ್ಲೇಡಿಗೆ ಬಡಿಯುವುದು.

ಬ್ಲೇಡನ್ನು ಮೇಲಿನಿಂದ ಗಡಿಯಾರದ ಮುಖ ಅಂದುಕೊಳ್ಳಿ, ನಿಮ್ಮ ಎದುರಿನ ತುದಿ 12. ಹನ್ನೆರಡರಿಂದ ಎರಡು ಮೂರರವರೆಗಿನ ಭಾಗ ಗಟ್ಟಿ ಕಾಂಡಕ್ಕೋ ಕಲ್ಲಿಗೋ ತಾಗಿದರೆ ಇಡೀ ಯಂತ್ರ ನಿಮ್ಮನ್ನೂ ಎಳೆದುಕೊಂಡು ಬಲಕ್ಕೆ ಎಗರುತ್ತದೆ. ಅದಕ್ಕೇ ಬಲದಿಂದ ಎಡಕ್ಕೆ ಬೀಸಿ, ಎಡಭಾಗದಲ್ಲಿ ಕತ್ತರಿಸಿ. ಇಳಿಜಾರಿನಲ್ಲಿ ಅಡ್ಡಡ್ಡ ನಡೆಯಿರಿ, ಮೇಲೆ ಕೆಳಗೆ ಓಡಾಡಬೇಡಿ.

ಆಕ್ಸಿಲರೇಟರ್ ಬಿಟ್ಟ ಮೇಲೆ, ಎಂಜಿನ್ ಐಡಲ್‌ನಲ್ಲಿರುವಾಗ ಬ್ಲೇಡ್ ನಿಲ್ಲಲೇಬೇಕು. ನಿಧಾನಕ್ಕೆ ತಿರುಗುತ್ತಲೇ ಇದ್ದರೆ ಐಡಲ್ ಹೆಚ್ಚಾಗಿದೆ ಅಥವಾ ಕ್ಲಚ್ಚಿನ ಸ್ಪ್ರಿಂಗ್ ಸೋತಿದೆ. ಅಂಥ ಯಂತ್ರವನ್ನು ಒಬ್ಬರೇ ಇರುವ ದಿನ ಮುಟ್ಟಬೇಡಿ. ಹೆಗಲ ಪಟ್ಟಿಯ ತುರ್ತು ಕೊಂಡಿಯನ್ನು ಕಣ್ಣು ಮುಚ್ಚಿ ಒಂದೇ ಕೈಯಲ್ಲಿ ಬಿಚ್ಚಲು ಅಭ್ಯಾಸ ಮಾಡಿ. ಬೆಂಕಿ ಹತ್ತಿದಾಗ, ಹೆಜ್ಜೇನು ಎದ್ದಾಗ ಅದು ಬೇಕಾಗುತ್ತದೆ. ಜೇನು ಎದ್ದರೆ ಯಂತ್ರ ಅಲ್ಲೇ ಬಿಟ್ಟು ಓಡಿ, ಕಾರಿನೊಳಗೋ ಶೆಡ್ಡಿನೊಳಗೋ ಸೇರಿ.

ಗಾಯಗಳು ಹೆಚ್ಚಾಗಿ ಆಗುವ ಗಳಿಗೆ ಒಂದಿದೆ. ಹಸಿ ಹುಲ್ಲು ಸುತ್ತಿಕೊಂಡು ತಲೆ ನಿಲ್ಲುತ್ತದೆ. ಎಂಜಿನ್ ಗುರ್ ಅನ್ನುತ್ತಿರುತ್ತದೆ, ಬ್ಲೇಡ್ ಕದಲುತ್ತಿಲ್ಲ, ಕೈ ತಾನಾಗಿಯೇ ಹುಲ್ಲು ಕೀಳಲು ಹೋಗುತ್ತದೆ. ಕೊನೆಯ ಎಳೆ ಬಿಡಿಸಿದ ಕ್ಷಣ ಬ್ಲೇಡ್ ತಿರುಗುತ್ತದೆ. ಕ್ರಮ ಇದು: ಸ್ಟಾಪ್ ಒತ್ತಿ, ಎಂಜಿನ್ ಪೂರ್ತಿ ನಿಲ್ಲಲಿ, ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಿತ್ತು ಪಕ್ಕಕ್ಕೆ ಇಡಿ, ಆಮೇಲೆ ಕೈಯಲ್ಲ, ಕಡ್ಡಿಯಿಂದ ಹುಲ್ಲು ಬಿಡಿಸಿ. ಎರಡು ನಿಮಿಷದ ಕೆಲಸ.

ಪೆಟ್ರೋಲ್ ತುಂಬುವ ಮೊದಲು ಸೈಲೆನ್ಸರ್ ಆರಲಿ. ಹತ್ತು ನಿಮಿಷ ಕೂತು ನೀರು ಕುಡಿಯಿರಿ. ತುಂಬಿದ ಜಾಗದಿಂದ ಮೂರು ಮೀಟರ್ ಆಚೆ ಹೋಗಿ ಸ್ಟಾರ್ಟ್ ಮಾಡಿ. ಟೂ ಸ್ಟ್ರೋಕ್ ಎಂಜಿನ್ನಿಗೆ 25ಕ್ಕೆ 1 ಎಂದಿದ್ದರೆ ಲೀಟರಿಗೆ 40 ಮಿಲಿ ಆಯಿಲ್, 50ಕ್ಕೆ 1 ಎಂದಿದ್ದರೆ 20 ಮಿಲಿ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುವುದರಿಂದ ನೀರಿನಂಶ ಹೀರಿಕೊಳ್ಳುತ್ತದೆ. ತಿಂಗಳ ಹಿಂದಿನ ಮಿಶ್ರಣ ಹಾಕಿದರೆ ಎಂಜಿನ್ ಪದೇಪದೇ ನಿಲ್ಲುತ್ತದೆ, ಪದೇಪದೇ ನಿಲ್ಲುವ ಯಂತ್ರದೊಂದಿಗೆ ಮನುಷ್ಯ ತಾಳ್ಮೆ ಕಳೆದುಕೊಂಡು ಪ್ಲಗ್ ತೆಗೆಯದೆ ಕೈ ಹಾಕುತ್ತಾನೆ. ಭಾನುವಾರ ಸಂಜೆ ನಾಲ್ಕರ ನಂತರ, ಚಾಂದನಿ ಚೌಕದ ಟ್ರಾಫಿಕ್ಕು ತಲೆಯಲ್ಲಿ ಓಡುತ್ತಿರುವಾಗ, ಇನ್ನೊಂದು ಟ್ಯಾಂಕ್ ತುಂಬಲೇಬೇಡಿ.

ಅಕ್ಟೋಬರ್ ಮಧ್ಯಾಹ್ನಗಳಲ್ಲಿ ಮರಳುವ ಮಳೆಯ ಸಿಡಿಲು ಬೇರೆ. ಪಾಷಾಣ್‌ನಲ್ಲಿರುವ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವರು ಮಾಡಿದ ದಾಮಿನಿ ಆ್ಯಪ್ ಹತ್ತಿರದಲ್ಲಿ ಸಿಡಿಲು ಬಡಿಯುತ್ತಿದ್ದರೆ ಎಚ್ಚರಿಸುತ್ತದೆ. ಗುಡುಗು ಕೇಳಿತೆಂದರೆ ಕಬ್ಬಿಣದ ಸಾಮಾನು ಕೆಳಗಿಟ್ಟು ಪಕ್ಕಾ ಕಟ್ಟಡಕ್ಕೋ ಕಾರಿಗೋ ಹೋಗಿ, ಕೊನೆಯ ಗುಡುಗಿನಿಂದ 30 ನಿಮಿಷ ಕಾಯಿರಿ. ಮರದ ಕೆಳಗೆ ಮಾತ್ರ ನಿಲ್ಲಬೇಡಿ.

ಪಂಪಿನ ವಿಷಯಕ್ಕೆ ಬರೋಣ. ಹೊಲದ ಲೈನಿಗೆ ಕರೆಂಟು ಕೆಲವು ದಿನ ಹಗಲು, ಕೆಲವು ದಿನ ರಾತ್ರಿ. ಅದಕ್ಕೇ ಸ್ಟಾರ್ಟರಿಗೆ ಆಟೋ ಸ್ವಿಚ್ ಹಾಕಿಸಿರುತ್ತಾರೆ. ಕರೆಂಟಿಲ್ಲ ಎಂದು ಮೋಟರಿನ ಕಪ್ಲಿಂಗಿಗೆ ಕೈ ಹಾಕಿದರೆ, ಕರೆಂಟ್ ಬಂದ ತಕ್ಷಣ ಮೋಟರ್ ತಾನೇ ಶುರುವಾಗುತ್ತದೆ. ಆಟೋ ಆಫ್ ಮಾಡಿ, ಮೇನ್ ಸ್ವಿಚ್ ಇಳಿಸಿ, ಮೂರೂ ಕಿಟ್‌ಕ್ಯಾಟ್ ಫ್ಯೂಸು ಕಿತ್ತು ನಿಮ್ಮ ಜೇಬಿಗೆ ಹಾಕಿಕೊಳ್ಳಿ. ಕರೆಂಟ್ ಇರುವ ಬೇರೊಂದು ಕಡೆ ಟೆಸ್ಟರ್ ಹಚ್ಚಿ ಅದು ಉರಿಯುವುದನ್ನು ನೋಡಿಕೊಂಡು, ಆಮೇಲೆ ಇಲ್ಲಿ ಮೂರೂ ಫೇಸ್ ನೋಡಿ. ಕೆಟ್ಟ ಟೆಸ್ಟರ್ ಕೂಡ ಕರೆಂಟಿಲ್ಲ ಎಂದೇ ಹೇಳುತ್ತದೆ.

ಶಾಕ್ ಹೊಡೆದಾಗ ಕೈಯ ಸ್ನಾಯು ಬಿಗಿದು ಹಿಡಿದದ್ದನ್ನು ಬಿಡಲಾಗುವುದಿಲ್ಲ. ಇಬ್ಬರಿದ್ದರೆ ಇನ್ನೊಬ್ಬರು ಮೇನ್ ಇಳಿಸುತ್ತಾರೆ. ಒಬ್ಬರೇ ಇರುವವರಿಗೆ ಆ ಇನ್ನೊಬ್ಬರ ಕೆಲಸ ಮಾಡುವುದು, ಕರೆಂಟು ನೆಲಕ್ಕೆ ಸೋರಿದೊಡನೆ ತಾನೇ ಆಫ್ ಆಗುವ ಸ್ವಿಚ್ಚು, 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಶೆಡ್ಡಿನ ಸಾಕೆಟ್‌ಗಳಿಗೆ ತಪ್ಪದೆ ಹಾಕಿಸಿ, ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ ನೋಡಿ. ಒಂದು ಮಿತಿ ಇದೆ: ಮೈಯಿಂದ ನೆಲಕ್ಕೆ ಹರಿಯುವ ಕರೆಂಟನ್ನು ಅದು ಹಿಡಿಯುತ್ತದೆ, ಒಂದು ಕೈಯಲ್ಲಿ ಫೇಸು ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಹಿಡಿಯುವುದಿಲ್ಲ. ಸ್ಟಾರ್ಟರ್ ಪೆಟ್ಟಿಗೆಯ ಕೆಳಗೆ ಒಣ ಹಲಗೆ ಅಥವಾ ರಬ್ಬರ್ ಮ್ಯಾಟ್ ಇರಲಿ, ಬರಿಗಾಲಲ್ಲಿ ಹೋಗಬೇಡಿ. ಮಾವು ಕೀಳುವ ಅಲ್ಯೂಮಿನಿಯಂ ಗಳವನ್ನು ತಂತಿ ಹಾದುಹೋಗುವ ಜಮೀನಿನಲ್ಲಿ ಇಟ್ಟುಕೊಳ್ಳಲೇಬೇಡಿ.

ಒಬ್ಬರೇ ಮಾಡಲೇಬಾರದ ಕೆಲಸಗಳೂ ಇವೆ. ಇದರಲ್ಲಿ ನಾನು ರಾಜಿಗೆ ಸಿದ್ಧನಿಲ್ಲ. ಬಾವಿಗೆ, ಗೋಬರ್ ಗ್ಯಾಸ್ ಗುಂಡಿಗೆ, ಟ್ಯಾಂಕಿಗೆ ಇಳಿಯುವುದು: ಒಳಗೆ ಆಮ್ಲಜನಕ ಇಲ್ಲದಿರಬಹುದು, ವಿಷಾನಿಲ ಇರಬಹುದು. ದೀಪ ಇಳಿಸಿ ನೋಡುವ ಹಳೇ ಪದ್ಧತಿ ಆಮ್ಲಜನಕದ ಕೊರತೆಯನ್ನು ಒಂದಿಷ್ಟು ತೋರಿಸೀತು, ಕಾರ್ಬನ್ ಮೊನಾಕ್ಸೈಡನ್ನು ತೋರಿಸುವುದಿಲ್ಲ. ಪೆಟ್ರೋಲ್, ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಿ ಓಡಿಸಿದರೆ ಅದೇ ಅನಿಲ ತುಂಬಿಕೊಳ್ಳುತ್ತದೆ. ನಿಂತ ಮರ ಕಡಿಯುವುದು, ಏಣಿಯ ಮೇಲೆ ಚೈನ್‌ಸಾ ಹಿಡಿಯುವುದು, ಗಾಳಿಗೆ ಬಿದ್ದು ಸೆಟೆದು ನಿಂತ ಕೊಂಬೆ ಕತ್ತರಿಸುವುದು ಬೇಡ. ಸೆಟೆದ ಕೊಂಬೆ ಬಿಲ್ಲಿನ ಹಾಗೆ ಎಗರುತ್ತದೆ. ಟ್ರ್ಯಾಕ್ಟರಿಗೆ ಜೋಡಿಸಿದ ಯಂತ್ರವನ್ನು ತಿರುಗಿಸುವ ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು. ಏಳು ಸೆಂಟಿಮೀಟರ್ ದಪ್ಪದ ಶಾಫ್ಟು ಸೆಕೆಂಡಿಗೆ ಸುಮಾರು ಎರಡು ಮೀಟರ್ ಬಟ್ಟೆ ಸುತ್ತಿಕೊಳ್ಳುತ್ತದೆ. ದುಪಟ್ಟಾ, ಪಂಚೆ, ಸಡಿಲ ರೇನ್‌ಕೋಟು ಯಾವುದೂ ಅದರ ಹತ್ತಿರ ಹೋಗಬಾರದು. ಕಡಬಾ ಕುಟ್ಟಿ (ಮೇವು ಕತ್ತರಿಸುವ) ಯಂತ್ರಕ್ಕೆ ಮೇವು ಕೈಯಿಂದ ತಳ್ಳುವುದೂ ಅದೇ ಸಾಲಿಗೆ ಸೇರುತ್ತದೆ. ಕಳೆ ತೆಗೆಯುವ ಪವರ್ ವೀಡರಿನ ಹ್ಯಾಂಡಲ್ ಕ್ಲಚ್ಚನ್ನು ಸುತಳಿಯಿಂದ ಕಟ್ಟಿಟ್ಟಿದ್ದು ಕಂಡರೆ ಮೊದಲು ಅದನ್ನು ಕತ್ತರಿಸಿ: ನೀವು ಬಿದ್ದಾಗ ಕೈ ಬಿಟ್ಟರೆ ಯಂತ್ರ ನಿಲ್ಲಲಿ ಎಂದೇ ಅದನ್ನು ಇಟ್ಟಿರುವುದು. ರಿವರ್ಸ್ ಹಾಕುವಾಗ ಬೆನ್ನ ಹಿಂದೆ ಮರ, ಗೋಡೆ ಇದೆಯೇ ನೋಡಿಕೊಳ್ಳಿ.

ಕಾರಿನ ಪ್ರಥಮ ಚಿಕಿತ್ಸೆ ಡಬ್ಬಿಯ ಜೊತೆಗೆ ಪ್ಯಾಂಟಿನ ಜೇಬಿನಲ್ಲಿ ಒಂದು ದಪ್ಪ ಪ್ಯಾಡ್, ಒಂದು ಅಗಲ ಬ್ಯಾಂಡೇಜ್, ಒಂದು ಟೂರ್ನಿಕೆ (ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ) ಇರಲಿ. ರಕ್ತ ಬಂದರೆ ಮೊದಲು ಗಾಯದ ಮೇಲೇ ಬಲವಾಗಿ ಒತ್ತಿ, ಮತ್ತೆ ಮತ್ತೆ ತೆಗೆದು ನೋಡಬೇಡಿ. ಕೈಕಾಲಿನಿಂದ ಚಿಮ್ಮುತ್ತಿದ್ದರೆ, ಒತ್ತಿದರೂ ನಿಲ್ಲದಿದ್ದರೆ, ಗಾಯಕ್ಕಿಂತ ಐದಾರು ಸೆಂಟಿಮೀಟರ್ ಮೇಲೆ, ಕೀಲಿನ ಮೇಲಲ್ಲದೆ, ಟೂರ್ನಿಕೆ ಬಿಗಿದು ಹೊತ್ತು ಬರೆದಿಡಿ. ಒಂದೇ ಕೈಯಲ್ಲಿ ಬಿಗಿಯುವುದನ್ನು ಮನೆಯಲ್ಲಿ ಮಾಡಿ ನೋಡಿ. ತುಂಡಾದ ಬೆರಳನ್ನು ಒದ್ದೆ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸಿನಲ್ಲಿಡಿ. ಬೆರಳಿಗೆ ಐಸ್ ನೇರವಾಗಿ ತಾಗಬಾರದು. ಹಾವು ಕಚ್ಚಿದರೆ ಟೂರ್ನಿಕೆ ಬೇಡ, ಕೊಯ್ಯುವುದು ಬೇಡ, ಓಡುವುದು ಬೇಡ. ಕೊಳಕುಮಂಡಲಕ್ಕೆ ಇಲ್ಲಿ ಘೋಣಸ್ ಎನ್ನುತ್ತಾರೆ, ಗರಗಸ ಮಂಡಲಕ್ಕೆ ಫುರಸೆ. ಕಚ್ಚಿದ ಕೈಕಾಲು ಅಲುಗಾಡಿಸದೆ ಕೂತು ಕರೆ ಮಾಡಿ. ನಿಮ್ಮ ತಾಲ್ಲೂಕಿನ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ವಿಷಕ್ಕೆ ಮದ್ದು ಇರುತ್ತದೆ ಎಂದು ಈ ವಾರವೇ ವಿಚಾರಿಸಿ ಆ ರಟ್ಟಿನ ಮೇಲೆ ಬರೆದಿಡಿ.

ಪುಣೆಯಲ್ಲಿ ಒಬ್ಬರೇ ಇದ್ದೇವೆ, ಮೆಸೇಜು ಕಾಯಲು ಮನೆಯಲ್ಲಿ ಯಾರೂ ಇಲ್ಲ ಎನ್ನುವವರು ಕಾಮೆಂಟಿನಲ್ಲಿ ಜಮೀನಿರುವ ತಾಲ್ಲೂಕು ಮತ್ತು ಹೋಗುವ ದಿನ ಮಾತ್ರ ಬರೆಯಿರಿ, ಫೋನ್ ನಂಬರ್ ಹಾಕಬೇಡಿ. ಒಂದೇ ಕಡೆಗೆ ಹೋಗುವ ಇಬ್ಬಿಬ್ಬರನ್ನು ಇನ್‌ಬಾಕ್ಸಿನಲ್ಲಿ ಜೊತೆ ಮಾಡಿಸುತ್ತೇನೆ.