ರೊಮೆರೊ ಬಗ್ಗೆ ಓಡಾಡುತ್ತಿರುವ ಮೆಸೇಜ್: ಒಂದು ಸ್ಪಷ್ಟನೆ

ಅಮೆರಿಕದ ಸಿನಿಮಾ ನಿರ್ದೇಶಕ ಜಾರ್ಜ್ ರೊಮೆರೊ ಬಗ್ಗೆ 'ಕ್ಯಾಮೆರಾ ಮುಟ್ಟಿಯೇ ಗೊತ್ತಿಲ್ಲದ ರೊಮೆರೊ ತಮ್ಮ ಮೊದಲ ಹಾರರ್ ಸಿನಿಮಾ ಮಾಡಿ, ಜನರಿಗೆ ಪುಕ್ಕಟೆ ಬಿಟ್ಟುಕೊಟ್ಟರು' ಎಂಬ ಮೆಸೇಜ್ ಓಡಾಡುತ್ತಿದೆ. ಕಳೆದ ವಾರ ನಾನೂ ಸುಮ್ನೆ ಫಾರ್ವರ್ಡ್ ಮಾಡಿದ್ದೆ. ಎರಡೂ ಮಾತು ತಪ್ಪು.

ಆ ಸಿನಿಮಾಗೆ ಮೊದಲೇ ರೊಮೆರೊ ಅಮೆರಿಕದ ಪಿಟ್ಸ್‌ಬರ್ಗ್‌ ನಗರದಲ್ಲಿ ಗೆಳೆಯರ ಜೊತೆ ಕಂಪನಿ ಕಟ್ಟಿ ಜಾಹೀರಾತು ಮಾಡುತ್ತಿದ್ದರು. ಮಕ್ಕಳ ಟಿವಿ ಕಾರ್ಯಕ್ರಮ ನಡೆಸುತ್ತಿದ್ದ ಮಿಸ್ಟರ್ ರೋಜರ್ಸ್‌ಗೂ ಕಿರುಚಿತ್ರ ತೆಗೆದಿದ್ದರು. ಅದರಲ್ಲೊಂದು ರೋಜರ್ಸ್ ಟಾನ್ಸಿಲ್ ಆಪರೇಷನ್ ಬಗ್ಗೆ! ಹೆಣಗಳು ಎದ್ದು ಬರುವ ತಮ್ಮ ಹಾರರ್ ಸಿನಿಮಾಗಿಂತ ಅದೇ ಜಾಸ್ತಿ ಭಯ ಹುಟ್ಟಿಸಿತ್ತು ಅಂತ ರೊಮೆರೊ ಅವರೇ ತಮಾಷೆ ಮಾಡುತ್ತಿದ್ದರು.

ಇನ್ನು ಪುಕ್ಕಟೆ ಮಾತು. ಆ ಹಾರರ್ ಸಿನಿಮಾ, ಅಂದರೆ 1968ರ 'ನೈಟ್ ಆಫ್ ದಿ ಲಿವಿಂಗ್ ಡೆಡ್'ಗೆ ಮೊದಲು ಬೇರೆ ಹೆಸರಿತ್ತು. ವಿತರಕರು ಹೆಸರು ಬದಲಿಸಿದರು. ಪರದೆ ಮೇಲೆ ಸಿನಿಮಾ ಹೆಸರು ತೋರಿಸುವ ಹಳೆ ಟೈಟಲ್ ಕಾರ್ಡ್ ಜೊತೆ ಅದರಲ್ಲಿದ್ದ ಕಾಪಿರೈಟ್ ಸಾಲೂ ಹೋಯಿತು. ಸಿನಿಮಾದ ಪ್ರಿಂಟ್‌ನಲ್ಲಿ ಆ ಒಂದು ಸಾಲು ಇಲ್ಲದಿದ್ದರೆ ಆಗಿನ ಅಮೆರಿಕದ ಕಾನೂನಿನಲ್ಲಿ ಹಕ್ಕೇ ಇಲ್ಲ. ಯಾರು ಬೇಕಾದರೂ ಕಾಪಿ ಮಾರಿದರು, ದುಡ್ಡು ಮಾಡಿದರು. ಸುಮಾರು 1,14,000 ಡಾಲರ್ ಹೊಂದಿಸಿ, ರಕ್ತಕ್ಕೆ ಚಾಕೊಲೇಟ್ ಸಿರಪ್ ಸುರಿದು ಸಿನಿಮಾ ಮಾಡಿದವರಿಗೆ ಅದು ದಾನವಲ್ಲ, ನಷ್ಟ ಅಲ್ವಾ?

ಹಳೆ ಮೆಸೇಜ್ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ. ನನ್ನಿಂದ ಬಂದಿದ್ದರಂತೂ ಈಗಲೇ ಅಳಿಸಿಬಿಡಿ.