ಸೋತಿದ್ದು ನಾನಲ್ಲ, ಸರ್ವರ್

ನಮ್ಮಕ್ಕನ ಮಗ ಪಬ್‌ಜಿ ಅನ್ನುವ ಬಂದೂಕಿನ ಮೊಬೈಲ್ ಆಟದಲ್ಲಿ ಇವತ್ತಿನವರೆಗೆ ಒಮ್ಮೆಯೂ ಸೋತಿಲ್ಲ. ಸಾಯುತ್ತಾನೆ. ದಿನಕ್ಕೆ ಹದಿನೈದು ಸಲ ಸಾಯುತ್ತಾನೆ. ಆದರೆ ಸೋಲುವುದಿಲ್ಲ. ಒಂದು ದಿನ ಸರ್ವರ್, ಅಂದರೆ ಆಟ ನಡೆಸುವ ದೂರದ ಕಂಪ್ಯೂಟರ್, ಸರಿ ಇರುವುದಿಲ್ಲ. ಇನ್ನೊಂದು ದಿನ ಎದುರಿಗಿದ್ದವನು ಹ್ಯಾಕರ್, ಮೋಸದ ಸಾಫ್ಟ್‌ವೇರ್ ಹಾಕಿಕೊಂಡು ಆಡುವವನು. ಎರಡೂ ಅಲ್ಲದ ದಿನ ಕಂಪನಿಯವರೇ ಇವನನ್ನು ಗುರುತು ಹಿಡಿದು ಕೆಡವಿರುತ್ತಾರೆ.

ಮೊನ್ನೆ ತುಮಕೂರಿನ ಕ್ಯಾತ್ಸಂದ್ರದಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ ಕಾಫಿ ಲೋಟ ಹಿಡಿದು ಇವನ ಗೋಳು ಕೇಳುತ್ತ ಕೂತಿದ್ದೆ.

"ಬೇಕಂತಲೇ ಮಾಡ್ತಾರೆ ಮಾವ. ಎರಡು ಮ್ಯಾಚ್ ಗೆಲ್ಲೋಕೆ ಬಿಡ್ತಾರೆ. ಮೂರನೇದಕ್ಕೆ ದೊಡ್ಡ ದೊಡ್ಡ ಪ್ಲೇಯರ್‌ಗಳನ್ನ ತಂದು ಹಾಕ್ತಾರೆ."

"ಯಾರಪ್ಪ?"

"ಕಂಪನಿಯೋರು!"

ನನಗೆ ಮೈ ಜುಮ್ಮೆಂದಿತು. ದೂರದ ಯಾವುದೋ ದೇಶದಲ್ಲಿ ಒಂದು ಗಾಜಿನ ಕಟ್ಟಡ. ಅದರ ಮೂರನೇ ಮಹಡಿಯಲ್ಲಿ ಕ್ಯಾತ್ಸಂದ್ರ ವಿಭಾಗ. ಕೋಟು ಹಾಕಿದ ಹನ್ನೆರಡು ಜನ ಗೋಡೆ ಮೇಲಿನ ಪರದೆ ನೋಡುತ್ತ ನಿಂತಿದ್ದಾರೆ. "ಹುಡುಗ ಊಟ ಮುಗಿಸಿ ಬಂದ ಸಾರ್. ನಿನ್ನೆ ಎರಡು ಗೆದ್ದಿದ್ದಾನೆ." ಮ್ಯಾನೇಜರ್ ಮುಖ ಗಂಟಿಕ್ಕುತ್ತಾನೆ. "ಇವತ್ತು ಬಿಡಬೇಡಿ." ಕೋಟಿಗಟ್ಟಲೆ ಜನ ಆಡುವ ಆಟದಲ್ಲಿ ಇವನೊಬ್ಬನಿಗೆ ಇಷ್ಟು ಮರ್ಯಾದೆ! ಪಿಯುಸಿ ಕಾಲೇಜಿನಲ್ಲಿ ಲೆಕ್ಚರರ್‌ಗೂ ಇವನ ಹೆಸರು ಗೊತ್ತಿಲ್ಲ.

ಈ ಆಟದಲ್ಲಿ ವಿಮಾನದಿಂದ 100 ಜನ ಹಾರುತ್ತಾರೆ, ಒಬ್ಬರನ್ನೊಬ್ಬರು ಹೊಡೆಯುತ್ತಾರೆ. ಒಬ್ಬೊಬ್ಬರೇ ಆಡುವ ಪಂದ್ಯವಾದರೆ ಗೆಲ್ಲುವುದು ಒಬ್ಬನೇ. ಉಳಿದ 99 ಜನ ಸಾಯಬೇಕೆಂದೇ ಆಟ ಕಟ್ಟಿರುವುದು. ಆದರೆ ಆ 99 ಜನರನ್ನು ಕೇಳಿ ನೋಡಿ. ಒಬ್ಬನಿಗೆ ಲ್ಯಾಗ್ (ನೆಟ್ ತಡ), ಒಬ್ಬನಿಗೆ ಹ್ಯಾಕರ್, ಒಬ್ಬನ ಫೋನು ಬಿಸಿಯಾಯಿತು, ಒಬ್ಬನನ್ನು ಅಮ್ಮ ಊಟಕ್ಕೆ ಕರೆದಳು. ಆಟ ಬರದೆ ಸತ್ತವನು ಒಬ್ಬನೂ ಇಲ್ಲ.

ಇನ್ನು ಮೂರನೇ ಮ್ಯಾಚಿನ ಪಿತೂರಿ. ಅರ್ಪಾಡ್ ಎಲೋ ಅಂತ ಅಮೆರಿಕದಲ್ಲಿ ಒಬ್ಬ ಫಿಸಿಕ್ಸ್ ಮೇಷ್ಟ್ರಿದ್ದರು. ಗೆದ್ದರೆ ಅಂಕ ಏರುವ, ಸೋತರೆ ಇಳಿಯುವ ಒಂದು ಲೆಕ್ಕವನ್ನು ಚೆಸ್ ಆಡುವವರಿಗೆ ಮಾಡಿಕೊಟ್ಟರು. ವಿಶ್ವ ಚೆಸ್ ಸಂಸ್ಥೆ ಅದನ್ನು 1970ರಲ್ಲಿ ಒಪ್ಪಿಕೊಂಡಿತು. ಆನ್‌ಲೈನ್ ಆಟಗಳಲ್ಲಿ ಜೋಡಿ ಹಾಕುವ ಲೆಕ್ಕಗಳು ಹೆಚ್ಚುಕಡಿಮೆ ಇದೇ ವಂಶದವು. ಗೆದ್ದರೆ ಅಂಕ ಏರುತ್ತದೆ, ಅಂಕ ಏರಿದರೆ ಎದುರಾಳಿ ಗಟ್ಟಿಯಾಗುತ್ತಾನೆ. ಇಬ್ಬರು ಸಮಬಲದವರು ಎದುರುಬದುರಾದರೆ ಅರ್ಧದಷ್ಟು ಸಲ ಸೋಲಲೇಬೇಕು. ಅಂದರೆ ಇವನು ಸೋತಾಗಲೇ ಆ ಲೆಕ್ಕ ಸರಿಯಾಗಿ ಕೆಲಸ ಮಾಡುತ್ತಿದೆ ಅಂತ ಅರ್ಥ. ಏಳನೇ ಕ್ಲಾಸ್ ಪಾಸಾದವನನ್ನು ಎಂಟಕ್ಕೆ ಹಾಕಿದರೆ "ನನ್ನ ಮೇಲೆ ಸೇಡು ತೀರಿಸ್ಕೋತಿದ್ದಾರೆ" ಅಂತ ಅತ್ತರೆ ಹೇಗೆ?

ಕಂಪನಿಗಳು ತೀರಾ ಸಾಧುಗಳು ಅಂತಲೂ ನಾನು ಹೇಳುತ್ತಿಲ್ಲ. ಹೊಸಬನನ್ನು ದುಡ್ಡು ಕೊಟ್ಟು ಕೊಂಡ ಬಂದೂಕಿನ ಗಟ್ಟಿಗನ ಜೊತೆ ಆಡಿಸುವುದು, ಹೊಸಬನಿಗೂ ಕೊಳ್ಳುವ ಆಸೆ ಹುಟ್ಟಿಸುವುದು, ಇಂಥದ್ದೊಂದು ಉಪಾಯಕ್ಕೆ ಆಕ್ಟಿವಿಷನ್ ಅನ್ನುವ ವಿಡಿಯೋ ಗೇಮ್ ಕಂಪನಿಗೆ 2017ರಲ್ಲಿ ಪೇಟೆಂಟ್ ಸಿಕ್ಕಿದೆ. ಯಾವ ಆಟದಲ್ಲೂ ಬಳಸಿಲ್ಲ ಎಂದು ಕಂಪನಿ ಹೇಳಿತು. ಇದನ್ನು ಹುಡುಗನಿಗೆ ಹೇಳಿದ್ದು ನನ್ನದೇ ತಪ್ಪು. ಈಗ ಪಿತೂರಿಗೆ ಪೇಟೆಂಟೂ ಇದೆ ಅಂತ ಅವನು ಊರೆಲ್ಲ ಹೇಳಿಕೊಂಡು ಬರುತ್ತಿದ್ದಾನೆ.

ಅವನ ದೊಡ್ಡ ದೂರು ಗೋಡೆಯದು. "ನಾನು ಗೋಡೆ ಹಿಂದೆ ಹೋಗಿ ಆಗಿತ್ತು ಮಾವ. ಆಮೇಲೆ ಹೊಡೆದಿದ್ದಾನೆ. ಇದು ಹ್ಯಾಕ್ ಅಲ್ದೆ ಇನ್ನೇನು?"

ಇಲ್ಲಿ ಹುಡುಗನ ಕಣ್ಣು ಸುಳ್ಳು ಹೇಳುತ್ತಿಲ್ಲ. ಅವನು ನೋಡಿದ್ದು ನಿಜ. ಎದುರಿನವನು ನೋಡಿದ್ದೂ ನಿಜ. ಇಂಟರ್ನೆಟ್ ಹರಿಯುವ ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸರ್ವರ್ ಸಿಂಗಾಪುರದಲ್ಲಿದ್ದರೆ ಬೆಂಗಳೂರಿನಿಂದ ಅಲ್ಲಿಗೆ 3,000 ಕಿಲೋಮೀಟರಿಗೂ ಜಾಸ್ತಿ. ತಂತಿಯನ್ನು ಗೆರೆ ಎಳೆದ ಹಾಗೆ ನೇರ ಎಳೆದರೂ ಹೋಗಿ ಬರಲು 30 ಮಿಲಿಸೆಕೆಂಡು ಬೇಕೇ ಬೇಕು. ಸಮುದ್ರದ ತಂತಿಯನ್ನು ಹಾಗೆ ನೇರವಾಗಿ ಯಾರೂ ಎಳೆಯುವುದಿಲ್ಲ. ಹಾಗಾಗಿ ಆಡುವವರೆಲ್ಲ ನೋಡುತ್ತಿರುವುದು ಆಗಲೇ ಆಗಿಹೋದದ್ದನ್ನು, ಒಬ್ಬೊಬ್ಬರು ಒಂದೊಂದು ಹೊತ್ತಿನದನ್ನು. ಇಬ್ಬರಿಗೂ ಜಗಳ ಬಂದಾಗ ಅನೇಕ ಆಟಗಳ ಸರ್ವರ್ ಪಂಚಾಯ್ತಿ ಯಜಮಾನನ ಹಾಗೆ ಗಡಿಯಾರ ಸ್ವಲ್ಪ ಹಿಂದಕ್ಕೆ ತಿರುಗಿಸುತ್ತದೆ. ಗುಂಡು ಹಾರಿಸಿದ ಗಳಿಗೆಯಲ್ಲಿ ಅವನ ಕಣ್ಣಿಗೆ ಇವನು ಎಲ್ಲಿ ಕಂಡ? ಬಯಲಿನಲ್ಲಿ ಕಂಡ. ಹಾಗಿದ್ದರೆ ಸತ್ತ. ನಮ್ಮ ಹುಡುಗ ಬಯಲಿನಲ್ಲೇ ಸತ್ತಿದ್ದ. ಸುದ್ದಿ ಕೈಗೆ ಸಿಗುವಷ್ಟರಲ್ಲಿ ಗೋಡೆ ಹಿಂದೆ ಹೋಗಿ ಕೂತಿದ್ದ, ಅಷ್ಟೇ.

ಅದೂ ಅಲ್ಲದೆ ಮನೆಯ ರೂಟರ್ ಇರುವುದು ಕೆಳಗೆ, ದೇವರ ಮನೆ ಪಕ್ಕ. ಇವನು ಆಡುವುದು ಮಹಡಿ ಮೇಲಿನ ರೂಮಿನಲ್ಲಿ. ನಡುವೆ ಒಂದು ತಾರಸಿ, ಮೂರು ಗೋಡೆ, ಅಕ್ಕನ ಸೀರಿಯಲ್, ಭಾವನ ಯೂಟ್ಯೂಬ್. ಮೈಕ್ರೋವೇವ್ ಒಲೆಯೂ ಹಳೇ ವೈಫೈಯೂ ಓಡಾಡುವುದು 2.4 ಗಿಗಾಹರ್ಟ್ಸಿನ ಒಂದೇ ಬೀದಿಯಲ್ಲಿ. ಅಕ್ಕ ಕೆಳಗೆ ಪಲ್ಯ ಬಿಸಿ ಮಾಡಿದರೆ ಇವನು ಮೇಲೆ ಗುಂಡು ತಿನ್ನುತ್ತಾನೆ. ಆದರೂ ಬೈಗುಳ ಹೋಗುವುದು ಸಿಂಗಾಪುರಕ್ಕೆ.

"ಹೊಸ ಹೊಸ ಡ್ರೆಸ್ ಬಿಡೋದು ನಿಲ್ಲಿಸಿ ಮೊದ್ಲು ಲ್ಯಾಗ್ ಸರಿ ಮಾಡ್ಲಿ" ಅನ್ನುವುದು ಇವನ ಗೆಳೆಯರ ಒಕ್ಕೊರಲಿನ ಬೇಡಿಕೆ. ಆಟದ ಪಾತ್ರಗಳಿಗೆ ಡ್ರೆಸ್ ಮಾಡುವವನು ಚಿತ್ರ ಬರೆಯುವವನು. ಅವನನ್ನು ಸರ್ವರ್ ರೂಮಿಗೆ ಬಿಟ್ಟರೆ ಇರುವುದೂ ಹಾಳಾದೀತು. ಮದುವೆ ಮನೆಯಲ್ಲಿ ಸಾರಿಗೆ ಉಪ್ಪು ಜಾಸ್ತಿಯಾದರೆ ವಾಲಗದವರನ್ನು ಅಡುಗೆಗೆ ಕಳಿಸುತ್ತಾರಾ?

ಅಕ್ಕನಿಗೂ ತನ್ನದೇ ಒಂದು ಸಿದ್ಧಾಂತವಿದೆ. ಮಗ ಪಬ್‌ಜಿ ಬಿಡಲಿ ಅಂತ ಗೊರವನಹಳ್ಳಿ ಲಕ್ಷ್ಮಿಗೆ ಹರಕೆ ಹೊತ್ತಿದ್ದಳು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ಒಟ್ಟಿಗೆ ನಿಷೇಧಿಸಿತು. ಅದರಲ್ಲಿ ಪಬ್‌ಜಿಯೂ ಇತ್ತು. ಒಂದು ಹರಕೆಗೆ ಉಳಿದ 117 ಯಾಕೆ ಹೋದವು ಅಂತ ನಾನು ಕೇಳಲಿಲ್ಲ. 2021ರ ಜುಲೈ 2ರಂದು ಆಟ ಬಿಜಿಎಂಐ ಅನ್ನುವ ಹೊಸ ಹೆಸರಲ್ಲಿ ವಾಪಸ್ ಬಂತು. ಹರಕೆ ತೀರಿಸಲು ಮರೆತಿದ್ದೇ ಕಾರಣ ಅಂತ ಅಕ್ಕ ಇವತ್ತಿಗೂ ಕೈಕೈ ಹಿಸುಕಿಕೊಳ್ಳುತ್ತಾಳೆ.

ಮಗ ಇದಕ್ಕೆ ನಗುತ್ತಾನೆ. ಅಮ್ಮನ ರಾಹುಕಾಲಕ್ಕೂ ನಗುತ್ತಾನೆ. ಆದರೆ ಆಟದೊಳಗಿನ ಅದೃಷ್ಟದ ಪೆಟ್ಟಿಗೆಯನ್ನು ಮಾತ್ರ ರಾತ್ರಿ 12 ಗಂಟೆ 5 ನಿಮಿಷಕ್ಕೇ ತೆರೆಯುತ್ತಾನೆ. ಆಗ ಸರ್ವರ್ "ಫ್ರೆಶ್" ಆಗಿರುತ್ತದಂತೆ. ನೂರಕ್ಕೆ ಒಂದು ಸಲ ಬರುವ ವಸ್ತು ನೂರು ಪೆಟ್ಟಿಗೆ ತೆರೆದರೆ ಬಂದೇ ಬರಬೇಕು ಅನ್ನುವುದು ಅವನ ಗಣಿತ. ನಿಜವಾದ ಗಣಿತದಲ್ಲಿ ಹಾಗೆ ನೂರು ತೆರೆದವರಲ್ಲಿ ನೂರಕ್ಕೆ ಸುಮಾರು 63 ಜನಕ್ಕೆ ಸಿಗುತ್ತದೆ, 37 ಜನ ಬರಿಗೈ. ಪೆಟ್ಟಿಗೆಗೆ ಹಿಂದಿನ ತೊಂಬತ್ತೊಂಬತ್ತರ ನೆನಪಿಲ್ಲ. (ಇಷ್ಟು ಸಲ ಆದರೆ ಕೊಟ್ಟೇ ಕೊಡುತ್ತೇವೆ ಅಂತ ಮೊದಲೇ ಬರೆದಿಟ್ಟ ಆಟಗಳೂ ಇವೆ. ಅದನ್ನು ಓದಲು ಸಣ್ಣ ಅಕ್ಷರ ಓದುವ ತಾಳ್ಮೆ ಬೇಕು.)

ಆಮೇಲೆ ಅವನಿಗೊಂದು ಪ್ರಶ್ನೆ ಹಾಕಿದೆ. "ನೀನು ಹೊಸದಾಗಿ ಸೇರಿದಾಗ ಮೊದಲ ದಿನವೇ ಹತ್ತು ಜನರನ್ನ ಹೊಡೆದು ಗೆದ್ದೆ ಅಂತ ಫೋನ್ ಮಾಡಿದ್ಯಲ್ಲ, ಆವತ್ತು ಅನುಮಾನ ಬರಲಿಲ್ವಾ?"

"ಆವತ್ಯಾಕೆ ಬರತ್ತೆ? ಗೆದ್ನಲ್ಲ!"

ಕಂಪನಿ ಕೈಯಾಡಿಸಿದ್ದರೆ ಆವತ್ತೇ. ಹೊಸಬರು ಓಡಿಹೋಗದಿರಲಿ ಅಂತ ಇಂಥ ಆಟಗಳಲ್ಲಿ ಬಾಟ್‌ಗಳನ್ನು ತುಂಬುತ್ತಾರೆ. ಮನುಷ್ಯರ ಹೆಸರಿಟ್ಟುಕೊಂಡು ಬಯಲಲ್ಲಿ ನಿಂತು ಗುಂಡು ತಿನ್ನುವ, ಕಂಪ್ಯೂಟರೇ ಆಡಿಸುವ ಗೊಂಬೆಗಳು. ಗುಟ್ಟೇನಲ್ಲ. 2019ರಲ್ಲಿ ಫೋರ್ಟ್‌ನೈಟ್ ಅನ್ನುವ ಇಂಥದ್ದೇ ಆಟದವರು, 2020ರಲ್ಲಿ ಕಂಪ್ಯೂಟರಿನಲ್ಲಿ ಆಡುವ ಪಬ್‌ಜಿಯವರು ಬಾಟ್ ಬಿಡುತ್ತೇವೆ ಅಂತ ತಾವೇ ಹೇಳಿದ್ದಾರೆ. ಸಿಡ್ ಮೆಯರ್ ಅನ್ನುವ ಹೆಸರಾಂತ ಕಂಪ್ಯೂಟರ್ ಆಟಗಳ ವಿನ್ಯಾಸಕ 2010ರ ಒಂದು ಭಾಷಣದಲ್ಲಿ ತಮ್ಮ ಯುದ್ಧದ ಆಟದ ಕಥೆ ಹೇಳಿದರು. ಎದುರಿನವನ ಮೂರರಷ್ಟು ಬಲ ತಮ್ಮ ಕಡೆ ಇದ್ದೂ ಸೋತರೆ ಜನ ಮೋಸ ಅಂತ ಕೂಗಾಡುತ್ತಿದ್ದರಂತೆ. ಅದೇ ಬಲ ಎದುರಿನವನ ಕಡೆ ಇದ್ದು ತಾವು ಗೆದ್ದರೆ ಒಬ್ಬರೂ ತುಟಿ ಬಿಚ್ಚುತ್ತಿರಲಿಲ್ಲ. ಕೊನೆಗೆ ಅವರು ಲೆಕ್ಕವನ್ನೇ ಆಡುವವರ ಕಡೆಗೆ ಬಗ್ಗಿಸಿದರು. ದೂರು ನಿಂತಿತು.

"ಹಾಗಾದ್ರೆ ಆ ಹತ್ತು ಜನ?" ಅಂದ ಹುಡುಗ. ದನಿ ಇಳಿದಿತ್ತು.

"ಇಬ್ಬರೋ ಮೂವರೋ ಮನುಷ್ಯರೂ ಇದ್ದಿರಬಹುದು ಬಿಡೋ" ಅಂದೆ. ಅಕ್ಕನ ಮನೆಯಲ್ಲಿ ಊಟ ಇನ್ನೂ ಬಾಕಿ ಇತ್ತು.

ನಿನ್ನೆ ರಾತ್ರಿ ಅವನದೇ ಫೋನ್. ನಿಜವಾದ ಮನುಷ್ಯರ ಎದುರೇ ಗೆದ್ದನಂತೆ. ಸರ್ವರ್ ಹೇಗಿತ್ತು ಅಂತ ಕೇಳಿದೆ. ಅದು ಅವನಿಗೆ ನೆನಪಿರಲಿಲ್ಲ. ಸೋತವನೊಬ್ಬ ಇವನನ್ನು ಹ್ಯಾಕರ್ ಅಂತ ಬೈದು, ರಿಪೋರ್ಟ್ ಮಾಡ್ತೀನಿ ಅಂತ ಮೆಸೇಜ್ ಕಳಿಸಿದ್ದಾನೆ. ಅದರ ಸ್ಕ್ರೀನ್‌ಶಾಟ್ ಈಗ ಇವನ ವಾಟ್ಸಾಪ್ ಸ್ಟೇಟಸ್. ಅಕ್ಕ ಅದಕ್ಕೊಂದು ಕೈಮುಗಿಯುವ ಚಿಹ್ನೆ ಹಾಕಿದ್ದಾಳೆ.