ಜಗನ್ಮೋಹನ ಅರಮನೆ ಕಟ್ಟಿದ್ದು ಬೆಂಕಿ ಬಿದ್ದ ಮೇಲಲ್ಲ

ಮೈಸೂರಿನ ವಾಟ್ಸಾಪ್ ಗುಂಪುಗಳಲ್ಲಿ ಜಗನ್ಮೋಹನ ಅರಮನೆಯ ಫೋಟೋ ಸುತ್ತುತ್ತಿದೆ. 1897ರಲ್ಲಿ ಮರದ ಅರಮನೆ ಸುಟ್ಟಾಗ ರಾಜಮನೆತನದ ವಾಸಕ್ಕೆಂದೇ ಇದನ್ನು ಕಟ್ಟಿದರು ಎಂದು ಕೆಳಗೆ ಬರೆದಿದ್ದಾರೆ. ತಪ್ಪು. ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರ್, 1861ರಲ್ಲಿ. ಬೆಂಕಿ ಬಿದ್ದದ್ದು ಅದಾಗಿ 36 ವರ್ಷಕ್ಕೆ!

ರಾಜಮನೆತನ ಇಲ್ಲಿಗೆ ಬಂದದ್ದೇನೋ ನಿಜ. ಗೊಂದಲ ಹುಟ್ಟಿದ್ದೂ ಅಲ್ಲಿಂದಲೇ ಇರಬೇಕು. ಹೊಸ ಅರಮನೆ ಮುಗಿದದ್ದು 1912ಕ್ಕೆ, ಅಲ್ವಾ? ಅಷ್ಟರೊಳಗೆ 1902ರಲ್ಲಿ ನಾಲ್ವಡಿಯವರ ಪಟ್ಟಾಭಿಷೇಕ ಇಲ್ಲೇ ಆಯಿತು, ಆಗಿನ ವೈಸ್‌ರಾಯ್ ಲಾರ್ಡ್ ಕರ್ಜನ್ ಬಂದಿದ್ದ.

ದಸರಾದಲ್ಲಿ ನಾವು ಸಂಗೀತ, ನೃತ್ಯಕ್ಕೆ ಹೋಗಿ ಕೂರುವ ಸಭಾಂಗಣ ಇರುವುದೂ ಇಲ್ಲೇ. ಈ ಸಲ ಹೋದಾಗ ಸುಮ್ನೆ ಒಳಗೆ ನುಗ್ಗಬೇಡಿ. ಮರದ ದೊಡ್ಡ ಬಾಗಿಲುಗಳ ಹತ್ತಿರ ನಿಂತು ನೋಡಿ, ದಶಾವತಾರ ಕೆತ್ತಿದ್ದಾರೆ.